ಕಡಲಿಗೆ ಬಾಗಿಲು ಕೊರೆದ ಊರು

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಿಂದ ದಕ್ಷಿಣಕ್ಕೆ ಎಪ್ಪತ್ತು ಚಿಲ್ಲರೆ ಕಿಲೋಮೀಟರು ಹೋದರೆ ಮ್ಯಾಂಡುರಾ. ಬಂದವರೆಲ್ಲ ದೋಣಿ ಹತ್ತಿ ಡಾಲ್ಫಿನ್ ನೋಡುತ್ತಾರೆ. ನಾನು ನೋಡಬೇಕೆಂದುಕೊಂಡು ಬಂದದ್ದು ಊರಾಚೆಯ ಡಾಸ್‌ವಿಲ್ ಕಾಲುವೆಯನ್ನು. ಎರಡೂವರೆ ಕಿಲೋಮೀಟರು ಉದ್ದ, 200 ಮೀಟರ್ ಅಗಲ. ಸೇತುವೆಯ ಕಟಕಟೆ ಹಿಡಿದು ಬಗ್ಗಿದರೆ ಹಿಂದೂ ಮಹಾಸಾಗರದ ಹಸಿರು ನೀರು ಸುಳಿ ಸುತ್ತುತ್ತ ಒಳಕ್ಕೆ ನುಗ್ಗುವುದು ಕಾಣುತ್ತದೆ. ಇಳಿತದ ಹೊತ್ತಿಗೆ ಅದೇ ರಭಸದಲ್ಲಿ ಹೊರಕ್ಕೆ. ಕಡಲಿಗೂ ಅಳಿವೆಗೂ ನಡುವೆ ಇದ್ದ ನೆಲವನ್ನು ಅಗೆದು, 1994ರಲ್ಲಿ ಸರ್ಕಾರವೇ ತೆರೆಸಿದ ದಾರಿ ಇದು. ಅಗೆಸಿದ್ದು ಹಡಗಿಗಾಗಿ ಅಲ್ಲ, ಪಾಚಿಯ ಕಾಟಕ್ಕೆ!

ಪೀಲ್ ಮತ್ತು ಹಾರ್ವೆ ಎಂಬ ಎರಡು ಅಳಿವೆಗಳು ಇಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಸುಮಾರು 130 ಚದರ ಕಿಲೋಮೀಟರು ನೀರು. ಬಹಳ ಕಡೆ ಎರಡಾಳು ಮುಳುಗುವಷ್ಟೂ ಆಳವಿಲ್ಲ. ಮರ್ರೆ, ಸರ್ಪೆಂಟೈನ್, ಹಾರ್ವೆ ಎಂಬ ಮೂರು ನದಿಗಳು ಚಳಿಗಾಲದ ಮಳೆನೀರನ್ನು ತಂದು ಇದಕ್ಕೆ ಸುರಿಯುತ್ತವೆ. ಆದರೆ ಕಡಲಿಗೆ ಮೊದಲಿದ್ದದ್ದು ಮ್ಯಾಂಡುರಾದ ಒಂದು ಕಿರಿದಾದ ಬಾಯಿ ಮಾತ್ರ. ಬಂದದ್ದು ಬೇಗ ಹೊರಗೆ ಹೋಗುತ್ತಿರಲಿಲ್ಲ.

ನದಿಗಳು ಹರಿದು ಬರುವ ಬಯಲು ಬೂದು ಮರಳಿನದು. ರೈತರು ಕಾಡು ಕಡಿದು, ಜೌಗು ನೆಲಕ್ಕೆ ಬಸಿಗಾಲುವೆ ತೋಡಿ, ಹುಲ್ಲುಗಾವಲಿಗೆ ವರ್ಷ ವರ್ಷವೂ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಎರಚಿದರು. ಮರಳಿಗೆ ರಂಜಕವನ್ನು ಹಿಡಿದಿಡುವ ತಾಕತ್ತಿಲ್ಲ. ಜರಡಿಗೆ ನೀರು ಹೊಯ್ದ ಹಾಗೆ ಮಳೆ ಬಂತೆಂದರೆ ಎಲ್ಲ ಬಸಿಗಾಲುವೆಗೆ, ಅಲ್ಲಿಂದ ಅಳಿವೆಗೆ, ಪಾಚಿಯ ಹೊಟ್ಟೆಗೆ. 1960ರ ದಶಕದ ಕೊನೆಯ ಹೊತ್ತಿಗೆ ಪೀಲ್ ಅಳಿವೆಯಲ್ಲಿ ಹಸಿರು ಪಾಚಿ ರಾಶಿ ಬಿದ್ದು ದಡದಲ್ಲಿ ಕೊಳೆಯತೊಡಗಿತು. ನಾರುವ ಪಾಚಿಯನ್ನು ಯಂತ್ರ ಇಳಿಸಿ ಎತ್ತಿಸಬೇಕಾಯಿತು. ಹಾರ್ವೆಯ ಪಾಡು ಇನ್ನೂ ಕೆಟ್ಟದ್ದು. 1970ರ ದಶಕದ ಕೊನೆಯಿಂದ ಅಲ್ಲಿ ನಾಡ್ಯುಲೇರಿಯಾ ಎಂಬ ವಿಷದ ಸೂಕ್ಷ್ಮಜೀವಿ ನೀರೆಲ್ಲ ಹಬ್ಬುತ್ತಿತ್ತು. ಇದಕ್ಕೆ ಸಾರಜನಕ ಗಾಳಿಯಿಂದಲೇ ಸಿಗುತ್ತದೆ, ರಂಜಕವೊಂದು ಸಿಕ್ಕರೆ ಸಾಕು. ಆದರೆ ಉಪ್ಪು ಹೆಚ್ಚಾದರೆ ಬದುಕದು.

ಕಾಲುವೆಯ ಉಪಾಯ ಹುಟ್ಟಿದ್ದು ಈ ಕೊನೆಯ ಮಾತಿನಿಂದ. ಕಡಲನ್ನು ಒಳಕ್ಕೆ ಬಿಟ್ಟರೆ ನೀರು ಬೇಗ ಉಪ್ಪಾಗುತ್ತದೆ, ಕೊಳೆಯೂ ತೊಳೆದು ಹೋಗುತ್ತದೆ. ಎಣಿಸಿದಂತೆಯೇ ಆಯಿತು, ಹಾರ್ವೆಯಲ್ಲಿ ನಾಡ್ಯುಲೇರಿಯಾದ ಅಬ್ಬರ ನಿಂತಿತು.

ಈಗ ಮೊಣಕಾಲುದ್ದ ನೀರಿನಲ್ಲಿ ಮನೆಮಂದಿಯೆಲ್ಲ ಉದ್ದ ಹಿಡಿಯ ಬಲೆ ಹಿಡಿದು ನೀಲಿ ಏಡಿ ಬೇಟೆಗೆ ಇಳಿಯುತ್ತಾರೆ. ಒಬ್ಬ ಹೆಂಗಸು ಏಡಿಯನ್ನು ಹಿಂದಿನಿಂದ ಹಿಡಿದೆತ್ತಿ, ಬೆನ್ನಿಗೆ ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು ನೋಡಿದಳು. ಚಿಪ್ಪು ಈ ಮುಳ್ಳಿಂದ ಆ ಮುಳ್ಳಿಗೆ 127 ಮಿಲಿಮೀಟರ್ ಇರಬೇಕು. ಕೂದಲೆಳೆಯಷ್ಟು ಕಡಿಮೆ. ಕೊಂಡಿ ಆಡಿಸುತ್ತಿದ್ದ ಏಡಿಯನ್ನು ಅವಳು ಮರುಮಾತಿಲ್ಲದೆ ನೀರಿಗೆ ಬಿಟ್ಟಳು. ಪಕ್ಕದಲ್ಲಿ ಅಧಿಕಾರಿ ಯಾರೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 2016ರಲ್ಲಿ ಇಲ್ಲಿನ ಏಡಿಗಾರಿಕೆಗೆ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು, ಕಸುಬಿನವರಿಗೂ ಹವ್ಯಾಸಿಗಳಿಗೂ ಸೇರಿಸಿ.

ಇಷ್ಟಕ್ಕೆ ಚಪ್ಪಾಳೆ ತಟ್ಟಿ ರೈಲು ಹತ್ತಬಹುದಿತ್ತು. ಆದರೆ ಉಬ್ಬರ ಈಗ ಅಳಿವೆಯಂಚಿನ ಜೌಗಿನ ಒಳಗಿನವರೆಗೂ ಏರುವುದರಿಂದ ಅಲ್ಲಿ ಸೊಳ್ಳೆ ವಿಪರೀತ. ರಾಸ್ ರಿವರ್ ಜ್ವರ ಹರಡುವ ಜಾತಿಯೇ ಅವು. ಮರಿಹುಳು ಕೊಲ್ಲಲು ಹೆಲಿಕಾಪ್ಟರಿನಿಂದ ಔಷಧ ಎರಚುತ್ತಾರೆ. ಕಾಲುವೆಯ ತೊಳೆತ ಮುಟ್ಟದ ಸರ್ಪೆಂಟೈನ್, ಮರ್ರೆ ನದಿಗಳ ಕೆಳಪಾತ್ರದಲ್ಲಿ ಪಾಚಿಯೂ ಇದೆ, ಮೀನು ಸಾಯುವುದೂ ಇದೆ.

ನನ್ನ ಮಟ್ಟಿಗೆ ಕಾಲುವೆ ಸುಲಭದ ಅರ್ಧ. ಅಗೆತಕ್ಕೆ ಹಣ ಮತ್ತು ಯಂತ್ರ ಸಾಕು. ರಂಜಕ ತಡೆಯುವುದು ಕಷ್ಟದ ಅರ್ಧ. ಅಳಿವೆಗೆ ಬರುವ ರಂಜಕ ವರ್ಷಕ್ಕೆ 75 ಟನ್ ಮೀರಬಾರದೆಂದು 1992ರಲ್ಲೇ ಗುರಿ ಹಾಕಿದ್ದರು. ಅದಕ್ಕೆ ಸಾವಿರಾರು ಎಕರೆಯ ರೈತರ ಕೈ ತಡೆಯಬೇಕು. ಬಾಕ್ಸೈಟ್ ಶುದ್ಧಿ ಮಾಡುವಾಗ ಉಳಿಯುವ ಕೆಂಪು ಕೆಸರನ್ನು ಮರಳಿಗೆ ಬೆರೆಸಿ ರಂಜಕ ಹಿಡಿಸುವ ಪ್ರಯೋಗವನ್ನೂ ಮಾಡಿ ನೋಡಿದರು. ಈಚೆಗೆ ಮಣ್ಣು ಪರೀಕ್ಷೆ ಮಾಡಿಸಿಕೊಡುತ್ತಿದ್ದಾರೆ. ಬಹುಪಾಲು ಹುಲ್ಲುಗಾವಲುಗಳಲ್ಲಿ ಬೇಕಾದಷ್ಟು ರಂಜಕ ಆಗಲೇ ಇದೆ ಎಂಬುದು ಅದರಿಂದ ಗೊತ್ತಾಗಿದೆ. ಅಂಥ ಹುಲ್ಲುಗಾವಲಿಗೆ ಈ ವರ್ಷ ಗೊಬ್ಬರದ ಲಾರಿ ಬೇಡ ಎಂದು ರೈತನಿಗೆ ಒಪ್ಪಿಸುವ ಕೆಲಸ ನಡೆದಿದೆ.