ತುಲೂಸಿನಲ್ಲಿ ಕಂಡ ಪುಟ್ಟ ರೆಕ್ಕೆ

ಫ್ರಾನ್ಸಿನ ದಕ್ಷಿಣದಲ್ಲಿರುವ ತುಲೂಸ್ ವಿಮಾನಗಳ ಊರು. ಏರ್‌ಬಸ್ ವಿಮಾನಗಳನ್ನು ಜೋಡಿಸುವುದು ಅಲ್ಲೇ. ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗ ನನ್ನನ್ನು ಅಲ್ಲಿನ ಏರೋಸ್ಕೋಪಿಯಾ ಸಂಗ್ರಹಾಲಯಕ್ಕೆ ಎಳೆದುಕೊಂಡು ಹೋದ. ಕಾಂಕಾರ್ಡ್ ನೋಡಿ ಬೆರಗಾದೆ, ನಿಜ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು 1987ರಲ್ಲಿ ಮೊದಲು ಹಾರಿದ ಎ-320ರ ಬಳಿ.

ಅದರ ಮೂತಿಯ ಪಕ್ಕದಲ್ಲಿ ಒಂದು ಪುಟ್ಟ ರೆಕ್ಕೆ. ಬೀಸುವ ಗಾಳಿಗೆ ತಕ್ಕಂತೆ ತಿರುಗುತ್ತಾ, ವಿಮಾನ ಎಷ್ಟು ಮೂತಿ ಎತ್ತಿದೆ ಎಂದು ಅದು ಹೇಳುತ್ತದಂತೆ. ವಿಪರೀತ ಎತ್ತಿದರೆ ದೊಡ್ಡ ರೆಕ್ಕೆಗಳು ವಿಮಾನವನ್ನು ಹೊರಲಾರವು. ಇಂಥವು ಮೂರಿವೆ.

"ಮೂರು ಯಾಕೋ?"

"ಅಜ್ಜಿ, ಮನೇಲಿ ಎರಡು ಗಡಿಯಾರ ಬೇರೆ ಬೇರೆ ಟೈಮ್ ತೋರಿಸಿದ್ರೆ ಯಾವುದನ್ನ ನಂಬ್ತೀಯ? ಮೂರಿದ್ರೆ, ಎರಡು ಒಂದೇ ಥರ ಹೇಳಿದ್ದನ್ನ ನಂಬಬಹುದು. ಕಂಪ್ಯೂಟರೂ ಹಾಗೇ. ಒಪ್ಪದ ಒಂದನ್ನ ಬಿಟ್ಟುಬಿಡುತ್ತೆ."

"ಎರಡು ಸೇರಿ ಸುಳ್ಳು ಹೇಳಿದರೆ?"

ಹುಡುಗ ಅಪ್ಪನ ಮುಖ ನೋಡಿದ. ಅಳಿಯಂದಿರು, "ನಾಳೆ ಹೇಳ್ತೀನಿ ಅತ್ತೆ, ಹೇಗೂ ಆ ಕಡೆಗೇ ಹೋಗ್ತಿದ್ದೀವಿ" ಅಂದರು.

ಮರುದಿನ ಕಾರಿನಲ್ಲಿ ಸುಮಾರು 200 ಕಿಲೋಮೀಟರ್. ಕಾರ್ಕಸೋನಿನ ಕೋಟೆ ದಾಟಿ, ಪೆರ್ಪಿನ್ಯಾನ್ ಹಾದು, ಮೆಡಿಟರೇನಿಯನ್ ದಂಡೆಯ ಕಾನೆ ತಲುಪಿದೆವು. ತಿಳಿನೀಲಿ ನೀರು, ಮರಳಲ್ಲಿ ಮಕ್ಕಳು.

2008ರ ನವೆಂಬರ್ 27ರಂದು ಒಂದು ಎ-320 ಈ ಕಡಲಿಗೆ ಬಿತ್ತು. ಪರೀಕ್ಷೆಗೆಂದು ಹಾರಿದ್ದ ವಿಮಾನ. ಒಳಗಿದ್ದ ಏಳು ಜನರೂ ಉಳಿಯಲಿಲ್ಲ. ಮೂರು ದಿನ ಮುಂಚೆ, ಬಣ್ಣ ಹೊಡೆಯಲು ಧೂಳು ತೊಳೆದಾಗ, ಆ ಪುಟ್ಟ ರೆಕ್ಕೆಗಳನ್ನು ಮುಚ್ಚಿರಲಿಲ್ಲ. ಎರಡರೊಳಗೆ ನೀರು ಇಳಿದಿತ್ತು. ಮೇಲೆ ಹೋದಾಗ ಅದು ಹೆಪ್ಪುಗಟ್ಟಿ, ಎರಡೂ ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಸಿಕ್ಕಿಕೊಂಡವು. ಕಂಪ್ಯೂಟರಿಗೆ ಎರಡರ ಮಾತೂ ಕೂಡಿತು. ಸರಿಯಾಗಿದ್ದ ಮೂರನೆಯದು ಒಂಟಿಯಾಯಿತು, ಅದನ್ನೇ ಕೈಬಿಟ್ಟಿತು. ಪೈಲಟ್‌ಗಳಿಗೆ ಇದೊಂದೂ ತಿಳಿಯದು. ಕಡಿಮೆ ಎತ್ತರದಲ್ಲೇ ವಿಮಾನವನ್ನು ತೀರಾ ನಿಧಾನಗೊಳಿಸಿ ನೋಡಿದಾಗ, ತಾನಾಗಿ ಮೂತಿ ಇಳಿಸಿ ಕಾಪಾಡಬೇಕಿದ್ದ ಏರ್ಪಾಡು ಕೆಲಸ ಮಾಡಲಿಲ್ಲ.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಾಲ್ಕು ಇಟ್ಟರೆ?" ಅಂದ.

ನಮ್ಮ ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ನಾಲ್ಕು ಪಟ್ಟಿನದೇ ಎಂದು ಅಳಿಯಂದಿರು ವಿವರಿಸಿದರು. ನನಗೆ ಹೆಮ್ಮೆಯೆನಿಸಿತು.

"ಒಂದೇ ಪೈಪಿನ ನೀರು ನಾಲ್ಕಕ್ಕೂ ಹೋದರೆ?" ಅಂದೆ.

"ಅದಕ್ಕೇ ಅತ್ತೆ, ತೊಳೆಯೋ ಮುಂಚೆ ಅವಕ್ಕೆ ಟೊಪ್ಪಿಗೆ ಹಾಕಲೇಬೇಕು. ಹಾರೋ ಮುಂಚೆ ತೆಗೆಯೋದನ್ನ ಮರೀಬಾರದು ಅಂತ ಕೆಂಪು ಪಟ್ಟಿ ನೇತಾಡ್ತಿರುತ್ತೆ."