ಆಶ್ರಯ ಬೇಡಿ ಬಂದವಳನ್ನು ಹಿಂದಕ್ಕೆ ಕಳುಹಿಸದಿರಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಬರಗಾಲ ಹೊಸತಲ್ಲ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಎಣ್ಣೆ ಗಿರಣಿಗಳ ಹಮಾಲರಿಗೂ ಕೆಲಸ ಕಡಿಮೆಯಾಗುತ್ತದೆ. ರೇಷ್ಮೆ ಸೀರೆಗೆ ಬೇಡಿಕೆ ಕುಸಿದರೆ ನೇಕಾರರ ಮನೆಯ ಒಲೆ ತಣ್ಣಗಾಗುತ್ತದೆ. ಆಗ ಜನ ಗುಳೆ ಹೊರಡುತ್ತಾರೆ. ಮೊದಲೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋಗುತ್ತಿದ್ದರು. ಈಗ ಕೊಲ್ಲಿ ರಾಷ್ಟ್ರಗಳ ಮನೆಗೆಲಸಕ್ಕೆ ಹೆಣ್ಣುಮಕ್ಕಳೂ ಹೊರಡುತ್ತಿದ್ದಾರೆ. ಹಲಾಲ್ ಸಂಪಾದನೆಗಾಗಿ ದೇಶ ಬಿಡುವುದು ತಪ್ಪಲ್ಲ. ಆದರೆ ಹೋದಲ್ಲಿ ಮೋಸಕ್ಕೂ ದೌರ್ಜನ್ಯಕ್ಕೂ ಒಳಗಾಗಿ ಮರಳಿದವಳನ್ನು ನಾವು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದು ನಮ್ಮ ಈಮಾನಿನ ಪ್ರಶ್ನೆಯಾಗಿದೆ.

ನಾನು ನಿವೃತ್ತ ಶಿಕ್ಷಕ. ಜುಮಾ ನಮಾಝಿನ ಬಳಿಕ ಮಸೀದಿಯ ಹೊರಗೆ ಕುಳಿತು ಪಿಂಚಣಿ, ಪಡಿತರ ಚೀಟಿಗಳ ಅರ್ಜಿ ಬರೆದುಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಮೊಳಕಾಲ್ಮೂರು ಕಡೆಯ ಓರ್ವ ವಿಧವೆ ಸಹೋದರಿ ತನ್ನ ಅಣ್ಣನೊಂದಿಗೆ ಬಂದಿದ್ದಳು. ಹೊಲಿಗೆ ಅಂಗಡಿಯಲ್ಲಿ ಕೆಲಸವೆಂದು ನಂಬಿಸಿ ಏಜೆಂಟನೊಬ್ಬ ಅವಳನ್ನು ವಿಸಿಟ್ ವೀಸಾದಲ್ಲಿ ಕಳುಹಿಸಿದ್ದ. ವಿಮಾನ ಇಳಿದೊಡನೆ ಪಾಸ್‌ಪೋರ್ಟ್ ಕಸಿದುಕೊಳ್ಳಲಾಯಿತು. ಸಿಕ್ಕಿದ್ದು ಮನೆಗೆಲಸ, ಬೆಳಗಿನ ಫಜ್ರ್‌ನಿಂದ ನಡುರಾತ್ರಿಯವರೆಗೆ ದುಡಿತ, ಮಾತು ತಪ್ಪಿದರೆ ಹೊಡೆತ, ಐದು ತಿಂಗಳಿಗೆ ಎರಡು ತಿಂಗಳ ಸಂಬಳ. ಅದೇ ಬೀದಿಯ ಭಾರತೀಯ ಚಾಲಕರೊಬ್ಬರು ರಾಯಭಾರ ಕಚೇರಿಯ ದಾರಿ ತೋರಿಸಿದ್ದರಿಂದ ಆಕೆ ಮರಳಿ ಬಂದಳು.

ಅವಳಿಗೆ ದೂರು ಬರೆಸಬೇಕಿತ್ತು. ಅಣ್ಣನಿಗೆ ಅದು ಬೇಡವಾಗಿತ್ತು. "ತಾನೇ ಒಪ್ಪಿ ಹೋದವಳು, ಈಗ ಯಾರ ಮೇಲೆ ದೂರು? ಮನೆಯ ಮರ್ಯಾದೆ ಉಳಿಯಲಿ ಮಾಸ್ತರೇ" ಎಂದ. ಅವಳು ತಲೆಯೆತ್ತದೆ ಹೇಳಿದಳು: "ಚಾಚಾ, ನಾನು ಕದ್ದು ಓಡಿಬಂದವಳಲ್ಲ. ದುಡಿದ ದುಡ್ಡನ್ನೂ ಬಿಟ್ಟು ಬಂದವಳು."

ಆ ಅಣ್ಣನ ಮಾತು ಒಬ್ಬನ ಮಾತಲ್ಲ, ಊರಿನದು. ಆದರೆ ಕಾನೂನು ಅದನ್ನು ಒಪ್ಪುವುದಿಲ್ಲ. ನಮ್ಮ ಸಂವಿಧಾನದ 23ನೇ ವಿಧಿಯು ಮಾನವ ಸಾಗಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. ಹಿಂದೆ ದಂಡ ಸಂಹಿತೆಯ 370ನೇ ಕಲಮಿನಲ್ಲಿದ್ದ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿದೆ. ಶೋಷಣೆಯ ಉದ್ದೇಶದಿಂದ ಬೆದರಿಸಿ, ವಂಚಿಸಿ ಅಥವಾ ಆಮಿಷವೊಡ್ಡಿ ಒಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡರೆ ಅಥವಾ ಸಾಗಿಸಿದರೆ ಕನಿಷ್ಠ 7 ವರ್ಷಗಳ ಶಿಕ್ಷೆಯಿದೆ. ಅಪರಾಧವನ್ನು ನಿರ್ಣಯಿಸುವಾಗ ಸಂತ್ರಸ್ತರ ಒಪ್ಪಿಗೆಗೆ ಬೆಲೆಯಿಲ್ಲವೆಂದು ಅದೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ವಂಚಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಈ ಮಾತನ್ನು ಓದಿ ಹೇಳಿದ ಮೇಲೆ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ದೂರಿಗೆ ಸಾಕ್ಷಿಯಾಗಿ ತಾನೇ ಸಹಿ ಹಾಕಿದ.

ನಮ್ಮ ಜಿಲ್ಲೆಯಲ್ಲಿ ಮಾತ್ರ ಹೀಗಾಗಿದೆಯೆಂದಲ್ಲ. 2016ರಲ್ಲಿ ಉಡುಪಿ ಜಿಲ್ಲೆಯ ಮಹಿಳೆಯೊಬ್ಬರನ್ನು ಕತಾರಿನಲ್ಲಿ ಕೆಲಸವೆಂದು ನಂಬಿಸಿ ಸೌದಿ ಅರೇಬಿಯಕ್ಕೆ ಸಾಗಿಸಲಾಯಿತು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಬೆನ್ನುಬಿಡದೆ ಶ್ರಮಿಸಿದರು. ಆಕೆ 2017ರಲ್ಲಿ ಊರಿಗೆ ಮರಳಿದರು. ಮರ್ದಿತಳ ಪರ ನಿಲ್ಲಲು ಅವಳ ಧರ್ಮವನ್ನಾಗಲಿ ಜಾತಿಯನ್ನಾಗಲಿ ಕೇಳಬೇಕಾಗಿಲ್ಲ.

ಹೊರಗಿನಿಂದ ನಮ್ಮ ರಾಜ್ಯಕ್ಕೆ ಸಾಗಿಸಲ್ಪಟ್ಟು ಬರುವವರೂ ಇದ್ದಾರೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ನಡೆದ ಪೈಶಾಚಿಕ ಕೃತ್ಯವು ವೀಡಿಯೊ ಮೂಲಕ ಬೆಳಕಿಗೆ ಬಂತು. ಕೆಲಸದ ಆಸೆ ತೋರಿಸಿ ಅವಳನ್ನು ಗಡಿ ದಾಟಿಸಲಾಗಿತ್ತು. 2022ರ ಮೇ 20ರಂದು ವಿಶೇಷ ನ್ಯಾಯಾಲಯವು ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಕೆ ವಿದೇಶಿಯಳು, ದಾಖಲೆಯಿಲ್ಲದವಳು ಎಂಬ ಕಾರಣಕ್ಕೆ ನ್ಯಾಯದ ಬಾಗಿಲು ಮುಚ್ಚಲಿಲ್ಲ. ಇಂಥವರ ಕುರಿತು ಕೇಂದ್ರ ಗೃಹ ಸಚಿವಾಲಯವು 2012ರ ಮೇ 1ರಂದೇ ರಾಜ್ಯಗಳಿಗೆ ಸೂಚನೆ ನೀಡಿತ್ತು. ವಿದೇಶಿ ಮಹಿಳೆ ಸಾಗಾಟಕ್ಕೆ ಬಲಿಯಾದವಳೆಂದು ತನಿಖೆಯಲ್ಲಿ ಕಂಡುಬಂದರೆ, ವಿದೇಶಿಯರ ಕಾಯ್ದೆಯಡಿ ಅವಳ ಮೇಲೆಯೇ ಆರೋಪಪಟ್ಟಿ ಸಲ್ಲಿಸಬಾರದು ಎಂಬುದು ಅದರ ಸಾರ. 'ಬಾಂಗ್ಲಾ' ಎಂಬ ಪದ ಕೇಳಿದೊಡನೆ ನಮ್ಮವರು ಹೆದರಿ ದೂರ ಸರಿಯುತ್ತಾರೆ. ಆ ಹೆದರಿಕೆಗೆ ಕಾರಣಗಳಿವೆ, ನಾನು ಬಲ್ಲೆ. ಆದರೆ ಸಾಗಿಸಿದವನನ್ನೂ ಸಾಗಿಸಲ್ಪಟ್ಟವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಅಮೆರಿಕದಲ್ಲಿಯೂ ಇಂಥ ಕಾನೂನುಗಳಿವೆ. ನಾಗರಿಕತ್ವ ಅಥವಾ ಗ್ರೀನ್ ಕಾರ್ಡ್ ಹೊಂದಿರುವ ಪತಿಯಿಂದ ದೌರ್ಜನ್ಯಕ್ಕೊಳಗಾದ ವಲಸಿಗ ಪತ್ನಿಯು ಪತಿಯ ನೆರವಿಲ್ಲದೆ, ಅವನಿಗೆ ತಿಳಿಯದಂತೆಯೇ ವಾಸದ ಹಕ್ಕಿಗೆ ಅರ್ಜಿ ಹಾಕಲು 1994ರ ಕಾನೂನು ಅವಕಾಶ ಕೊಟ್ಟಿದೆ. ಮಾನವ ಸಾಗಾಟಕ್ಕೆ ಬಲಿಯಾದವರಿಗೆ 2000ದ ಕಾನೂನಿನಡಿ ಪ್ರತ್ಯೇಕ ವೀಸಾ ಇದೆ. ಮಗಳನ್ನು ಅಲ್ಲಿಗೆ ಮದುವೆ ಮಾಡಿಕೊಡುವ ಕುಟುಂಬಗಳು ಇದನ್ನು ಅರಿತಿರಬೇಕು.

ಇಸ್ಲಾಮಿನ ಇತಿಹಾಸವನ್ನು ಬಲ್ಲವರಿಗೆ ಇವು ಯಾವುವೂ ಅಪರಿಚಿತವಲ್ಲ. ಹಿಜರಿ 6ರಲ್ಲಿ ಹುದೈಬಿಯ ಒಪ್ಪಂದವಾಯಿತು. ಮಕ್ಕಾದಿಂದ ಅನುಮತಿಯಿಲ್ಲದೆ ಮದೀನಕ್ಕೆ ಬಂದವರನ್ನು ಹಿಂದಿರುಗಿಸಬೇಕೆಂಬ ಕಠಿಣ ಷರತ್ತು ಅದರಲ್ಲಿತ್ತು. ಆ ಬಳಿಕ ಉಕ್ಬಾನ ಮಗಳು ಉಮ್ಮು ಕುಲ್ಸೂಮ್(ರ) ಮಕ್ಕಾದ ತನ್ನ ಮನೆ ತೊರೆದು ಮದೀನ ತಲುಪಿದರು. ಬೆನ್ನಟ್ಟಿ ಬಂದ ಸಹೋದರರು ತಂಗಿಯನ್ನು ಒಪ್ಪಿಸಬೇಕೆಂದು ಪ್ರವಾದಿ(ಸ)ರಲ್ಲಿ ಪಟ್ಟು ಹಿಡಿದರು. ಆಗ ಅವತೀರ್ಣವಾದುದು ಸೂರಃ ಅಲ್ ಮುಮ್ತಹಿನದ 10ನೇ ಸೂಕ್ತ. ವಲಸೆ ಬಂದ ವಿಶ್ವಾಸಿನಿಯರನ್ನು ವಿಚಾರಿಸಿ ನೋಡಿರಿ, ದಿಟವೆಂದು ಕಂಡರೆ ಹಿಂದಕ್ಕೆ ಕಳುಹಿಸದಿರಿ ಎಂಬುದು ಅದರ ಆದೇಶ. ಅವರು ಮದೀನದಲ್ಲಿಯೇ ಉಳಿದರು. ಒಂದು ಮಹಾ ಒಪ್ಪಂದದ ಎದುರು ಒಬ್ಬಂಟಿ ಹೆಣ್ಣಿನ ಮೊರೆ ಗೆದ್ದಿತು. ಇನ್ನು ಸ್ವತಂತ್ರ ಮನುಷ್ಯನನ್ನು ಮಾರಿ ಹಣ ತಿಂದವನಿಗೂ, ದುಡಿಸಿಕೊಂಡು ಕೂಲಿ ಕೊಡದವನಿಗೂ ಪರಲೋಕದಲ್ಲಿ ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂದು ಬುಖಾರಿಯ ಹದೀಸ್ ಎಚ್ಚರಿಸುತ್ತದೆ.

ಆದುದರಿಂದ ಹೊರಡುವ ಮುನ್ನವೇ ಎಚ್ಚರವಿರಲಿ. 1983ರ ವಲಸೆ ಕಾಯ್ದೆಯಂತೆ ನೋಂದಣಿಯಿಲ್ಲದ ಏಜೆಂಟ್ ಜನರನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಕಡ್ಡಾಯ. ಅಂಥ ಮಹಿಳೆ ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. 2016ರಿಂದ ಅವರನ್ನು ಖಾಸಗಿ ಏಜೆಂಟರು ಕಳುಹಿಸುವಂತಿಲ್ಲ, ಸರಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಈ ತಪಾಸಣೆಯನ್ನು ತಪ್ಪಿಸಲೆಂದೇ ವಿಸಿಟ್ ವೀಸಾ ಬಳಸುತ್ತಾರೆ. ದುಡಿಯಲು ಹೋಗುವವಳ ಕೈಗೆ ವಿಸಿಟ್ ವೀಸಾ ಬಂದರೆ ಅಲ್ಲಿಗೇ ನಿಲ್ಲಿಸಿರಿ. ಪಾಸ್‌ಪೋರ್ಟ್, ವೀಸಾ, ಕರಾರು ಪತ್ರಗಳ ನಕಲು ಮನೆಯಲ್ಲಿರಲಿ.

ಮೋಸ ನಡೆದೇ ಹೋದರೆ ರಾಯಭಾರ ಕಚೇರಿಗೆ ಮತ್ತು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣಕ್ಕೆ ದೂರು ಸಲ್ಲಿಸಿರಿ. ಆಮಿಷ ಒಡ್ಡಿದ್ದು ನಮ್ಮೂರಿನಲ್ಲಾದರೆ ನಮ್ಮೂರಿನ ಠಾಣೆಯಲ್ಲಿಯೇ ದೂರು ಕೊಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೂ ಸಾಗಾಟದ ಸಂತ್ರಸ್ತರಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ದೊರೆಯುತ್ತಾರೆ. ಅದಕ್ಕೆ 15100, ಮಹಿಳಾ ಸಹಾಯವಾಣಿಗೆ 181. ನಮ್ಮ ಜಮಾಅತ್‌ಗಳು ಮಸೀದಿಯ ಫಲಕದಲ್ಲಿ ನಮಾಝಿನ ವೇಳೆಯ ಪಕ್ಕದಲ್ಲಿ ಈ ಎರಡು ಸಂಖ್ಯೆಗಳನ್ನೂ ಬರೆಸಲಿ.

ಆ ಸಹೋದರಿಯ ಪ್ರಕರಣ ಇನ್ನೂ ಮುಗಿದಿಲ್ಲ, ಬಾಕಿ ಸಂಬಳವೂ ಬಂದಿಲ್ಲ. ಕಾನೂನಿನ ಹಾದಿ ನಿಧಾನ. ಆದರೆ ಮನೆಯವರು ಬಾಗಿಲು ತೆರೆಯಲು ಯಾವ ನ್ಯಾಯಾಲಯದ ಆದೇಶಕ್ಕೂ ಕಾಯಬೇಕಿಲ್ಲ. ಆಶ್ರಯ ಬೇಡಿ ಬಂದವಳನ್ನು ಪ್ರಶ್ನೆಗಳಿಂದ ಚುಚ್ಚದೆ ಸಲಾಮ್ ಹೇಳಿ ಒಳಗೆ ಕರೆಯುವ ಹೃದಯ ವೈಶಾಲ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.