ಬಕ ಕೈಮೇಲೆ ನಿಲ್ಲುತ್ತದೆಯೇ?

ಸಣ್ಣ ಮಕ್ಕಳಿಗೆ ಯೋಗ ಕಲಿಸುತ್ತೇನೆಂದು ಹೊರಡುವವರಿಗೆ ಗುಂಡಿಗೆ ಗಟ್ಟಿಯಿರಬೇಕು. ದೊಡ್ಡವರಾದರೆ ಫೀಸು ಕಟ್ಟಿದ ತಪ್ಪಿಗೆ ಹೇಳಿದಂತೆ ಕೇಳುತ್ತಾರೆ. ಐದು ವರ್ಷದ್ದಕ್ಕೆ ಆ ದಾಕ್ಷಿಣ್ಯವಿಲ್ಲ. ಕಣ್ಣು ಮುಚ್ಚು ಎಂದರೆ ಒಂದು ಕಣ್ಣು ಮುಚ್ಚಿ, ಪಕ್ಕದವಳು ಮುಚ್ಚಿದ್ದಾಳೋ ಇಲ್ಲವೋ ಎಂದು ಇನ್ನೊಂದರಿಂದ ನೋಡುತ್ತದೆ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೇಸಿಗೆ ರಜೆಗೆ ಇಂಥದೊಂದು ಕ್ಲಾಸು ನಡೆಯುತ್ತದೆ. ಮೊಮ್ಮಗಳನ್ನು ಬಿಟ್ಟು ಕರೆತರುವ ಕೆಲಸ ನನ್ನದು. ಹೊಂಗೆ ಮರದಡಿಯ ಕಲ್ಲುಬೆಂಚೇ ನನ್ನ ಕಚೇರಿ.

ಮಿಸ್ಸು ಜಾಣೆ. ಆಸನ ಎಂಬ ಮಾತನ್ನೇ ಎತ್ತುವುದಿಲ್ಲ. “ಮಳೆ ಬಂತು, ಕಪ್ಪೆಗಳೆಲ್ಲ ಎಲ್ಲಿ?” ಎನ್ನುತ್ತಾರೆ. ಒಂದು ಡಜನ್ ಕಪ್ಪೆ ಕುಕ್ಕರಗಾಲಲ್ಲಿ ಕೂತು ವಟಗುಟ್ಟುತ್ತವೆ. “ಗಾಳಿ ಬಂತು” ಎಂದರೆ ಒಂಟಿಕಾಲಿನ ಮರಗಳು ತೂಗಾಡಿ, ಬೇಕೆಂದೇ ಒಂದರ ಮೇಲೊಂದು ಉರುಳುತ್ತವೆ. ಭ್ರಾಮರಿ ಎಂದರೆ ಜೇನುಗೂಡು. ತಲೆಗೆ ತಲೆ ತಾಗಿಸಿ, ಕಿವಿ ಮುಚ್ಚಿ ಎಲ್ಲರೂ ಗುಂಯ್ ಎನ್ನಬೇಕು. ರಾಣಿ ಯಾರೆಂಬ ಜಗಳ ಬೇರೆ. ಶವಾಸನಕ್ಕೆ ಶವವನ್ನು ತರದೆ ‘ಮಣ್ಣೊಳಗಿನ ಬೀಜ’ ಮಾಡಿದ್ದಾರೆ. ನಮ್ಮವಳು ಅರ್ಧ ನಿಮಿಷದೊಳಗೆ ಮೊಳೆತುಬಿಡುತ್ತಾಳೆ.

ನಮ್ಮ ಕಾಲದ ಯೋಗಕ್ಕೆ ಡ್ರಿಲ್ ಮೇಷ್ಟ್ರ ಸೀಟಿಯೇ ಮಂತ್ರ. ಒಮ್ಮೆ ಊದಿದರೆ ಧನುರಾಸನ, ಇನ್ನೊಮ್ಮೆ ಊದಿದರೆ ಬಿಡುಗಡೆ. ಹೊಟ್ಟೆಯಡಿ ಜಲ್ಲಿಕಲ್ಲು. ಭುಜಂಗಾಸನದಲ್ಲಿ ಹಾವು ಎಂದೂ ನೆನಪಾಗಲಿಲ್ಲ. ಹೆಡೆಯೆತ್ತಿದರೆ ಕಾಣುತ್ತಿದ್ದುದು ಮೇಷ್ಟ್ರ ಬೂಟು. ಸಂಜೆ ಮನೆಯ ಮುಂದೆ ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ಎಷ್ಟು ಮನೆ ದಾಟುತ್ತಿದ್ದೆವೋ ಲೆಕ್ಕವಿಲ್ಲ. ಬೆಳಗ್ಗೆ ವೃಕ್ಷಾಸನಕ್ಕೆ ನಡುಗುತ್ತಿದ್ದುದೂ ಅದೇ ಕಾಲು.

ಒಂದು ಭಾನುವಾರ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಮೊಮ್ಮಗಳು ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿಯನ್ನು ಬಹಳ ಹೊತ್ತು ನೋಡಿದಳು. “ತಾತ, ಬಕಾಸನ ಅಂತ ಅಣ್ಣ ಕೈಮೇಲೆ ನಿಲ್ತಾನಲ್ಲ, ಬಕ ಎಲ್ಲಿ ಕೈಮೇಲೆ ನಿಲ್ಲುತ್ತೆ?” ನ್ಯಾಯವಾದ ಪ್ರಶ್ನೆ. ಅಂಗೈ ಊರಿ, ಮಂಡಿಯನ್ನು ತೋಳಿಗೆ ಕೊಟ್ಟು, ಕಾಲೆರಡನ್ನೂ ನೆಲದಿಂದ ಎತ್ತುವುದು ಬಕಾಸನ. ಆ ಎರಡು ಕೈಗಳನ್ನೇ ಕೊಕ್ಕರೆಯ ಕಡ್ಡಿಕಾಲೆಂದು ತಿಳಿ ಎಂದೆ. ಒಪ್ಪಿದಂತೆ ಕಾಣಲಿಲ್ಲ.

ಆ ಕೆರೆ ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು. ಇದೇ ದೊರೆ ‘ಶ್ರೀತತ್ತ್ವನಿಧಿ’ ಎಂಬ ಚಿತ್ರಗಳ ಮಹಾಗ್ರಂಥವನ್ನೂ ಮಾಡಿಸಿದರು. ಅದರಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸ 1996ರಲ್ಲಿ ಅವನ್ನು ಪುಸ್ತಕವಾಗಿ ತಂದಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಇವುಗಳಲ್ಲಿ ಬಹುಪಾಲಿನ ಮೂಲ ಕಪಾಲ ಕುರಂಟಕನ ‘ಹಠಾಭ್ಯಾಸಪದ್ಧತಿ’. ಅದೊಂದು ಮೃಗಾಲಯ! ಆನೆ, ಟಗರು, ಪಾರಿವಾಳ, ಜೇಡ ಎಲ್ಲ ಇವೆ. ಹಗ್ಗ ಹಿಡಿದು ಮಾಡುವ ಆಸನಗಳಲ್ಲಿ ಜಿರಳೆಯೂ ಒಂದು. ಜಿರಳೆ ಎಂದದ್ದೇ ತಡ, ಮೊಮ್ಮಗಳು ಬಟ್ಟೆ ಒಣಹಾಕುವ ಹಗ್ಗದತ್ತ ನೋಡಿದಳು. ಅವಳಜ್ಜಿ ನನ್ನತ್ತ ನೋಡಿದಳು.

ನನಗೆ ಹಿಡಿಸಿದ್ದು ಇನ್ನೊಂದು. ಅಲ್ಲಿನ ಎಷ್ಟೋ ಆಸನಗಳು ಕಲ್ಲಿನಂತೆ ಕೂರುವಂಥವಲ್ಲ. ಮತ್ತೆಮತ್ತೆ ಮಾಡು ಎನ್ನುವ ಚಲನೆಗಳು. ಅಲ್ಲಿನ ಗಜಾಸನ ನಮ್ಮ ಗರಡಿಮನೆಯ ದಂಡಕ್ಕೆ ಹತ್ತಿರದ ನೆಂಟ. ಪಾರ್ಕಿನ ಕಪ್ಪೆ ಕುಪ್ಪಳಿಸಿದರೆ, ಹಾವು ಹರಿದರೆ ಯೋಗ ಕೆಟ್ಟಿತೆಂದು ಮೂಗು ಮುರಿಯುವ ಹಿರಿಯರು ನಮ್ಮ ಬೆಂಚಿನಲ್ಲೂ ಇದ್ದಾರೆ. ಅವರು ಈ ಹಳೆಯ ಚಿತ್ರಗಳನ್ನೊಮ್ಮೆ ನೋಡಬೇಕು. ಘೇರಂಡ ಸಂಹಿತೆಯ ಪ್ರಕಾರ ಜೀವಜಂತುಗಳು ಎಷ್ಟೋ ಆಸನಗಳೂ ಅಷ್ಟು. ಮನುಷ್ಯರಿಗೆ ಸಾಕೆಂದು ಅದು ಆರಿಸಿಕೊಟ್ಟ 32ರಲ್ಲಿ ಹೆಚ್ಚುಕಡಿಮೆ ಅರ್ಧ ಪ್ರಾಣಿಪಕ್ಷಿಗಳೇ. ನೋಡಿ ಅನುಕರಿಸುವುದೇ ಅಲ್ಲಿನ ಮೊದಲ ಪಾಠವೆಂದು ನನ್ನ ಗುಮಾನಿ, ಮಕ್ಕಳು ಅದನ್ನು ಹುಟ್ಟುತ್ತಲೇ ಕಲಿತು ಬಂದಿರುತ್ತವೆ.

ಮೈಸೂರಿನಲ್ಲಿ ಆಮೇಲೂ ಈ ವಿದ್ಯೆ ಬೆಳೆದದ್ದು ಹುಡುಗರ ನಡುವೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ಶುರುಮಾಡಿದರು. ಮರುವರ್ಷ ಕನ್ನಡದಲ್ಲಿ ‘ಯೋಗ ಮಕರಂದ’ ಬರೆದರು. ಎಳೆಯರಿಗೆ ಒಂದು ಕ್ರಮ, ಸಂಸಾರಸ್ಥರಿಗೆ ಒಂದು, ಮುದುಕರಿಗೆ ಇನ್ನೊಂದು ಎನ್ನುವುದು ಅವರ ಕಲಿಸುವ ರೀತಿ. 1938ರ ಮೂಕಚಿತ್ರವೊಂದರಲ್ಲಿ ಅವರ ಶಿಷ್ಯ, ಬೆಳ್ಳೂರಿನ ಅಯ್ಯಂಗಾರರ ಜೊತೆಗೆ ಆಚಾರ್ಯರ ಪುಟ್ಟ ಹೆಣ್ಣುಮಕ್ಕಳೂ ಆಸನ ಹಾಕುತ್ತಾರೆ. ಅಯ್ಯಂಗಾರರನ್ನು ನೋಡಿ ಬೆರಗಾಗಬೇಕು, ಸರಿ. ನನ್ನ ಕಣ್ಣು ಮಾತ್ರ ಮಕ್ಕಳನ್ನು ಬಿಟ್ಟು ಕದಲಲಿಲ್ಲ.

ಈಚೆಗೆ ಎಳೆಯರ ಯೋಗಸ್ಪರ್ಧೆಗಳಿಗೂ ಹೋಗಿ ಕೂತಿದ್ದೇನೆ. ಬೆನ್ನನ್ನು ಹಿಂದಕ್ಕೆ ಮಡಚಿ ಹಿಮ್ಮಡಿಯ ನಡುವೆ ಮುಖ ಇಟ್ಟುಕೊಂಡ ಹುಡುಗಿ, ಸ್ಟಾಪ್‌ವಾಚ್ ಹಿಡಿದ ತೀರ್ಪುಗಾರರು, ಉಸಿರು ಬಿಗಿಹಿಡಿದ ಅಮ್ಮ. ಪದಕದ ಮೇಲೆ ನನಗೆ ಹಗೆಯಿಲ್ಲ. ಆದರೆ ಎಳೆಯ ಮೂಳೆಗೆ ಅಷ್ಟು ಅವಸರವೇಕೆ?

ಮೊನ್ನೆ ಮಿಸ್ಸಿನ ಬಳಿ ಮಹಾಬಲಿಪುರದ ಮಾತು ತೆಗೆದೆ. ಏಳನೇ ಶತಮಾನದ ಆ ದೊಡ್ಡ ಬಂಡೆಯಲ್ಲಿ ಒಬ್ಬ ತಪಸ್ವಿ ಕೈಯೆತ್ತಿ ಒಂಟಿಕಾಲಲ್ಲಿ ನಿಂತಿದ್ದಾನೆ. ಅವನನ್ನು ಅಣಕಿಸುವಂತೆ ಕೆಳಗೊಂದು ಬೆಕ್ಕು, ಮುಂಗಾಲೆರಡನ್ನೂ ಎತ್ತಿ ಘೋರ ತಪಸ್ಸಿಗೆ ನಿಂತಿದೆ. ಸುತ್ತ ನಂಬಿಬಂದ ಇಲಿಗಳು. ಮಹಾಭಾರತದ ಉದ್ಯೋಗಪರ್ವದಲ್ಲೂ ಇಂಥ ಕಳ್ಳಬೆಕ್ಕಿನ ಕಥೆ ಬರುತ್ತದೆ.

ಮಿಸ್ಸು ಮರುದಿನವೇ ಅದನ್ನು ಆಟ ಮಾಡಿದರು. ಬೆಕ್ಕು ಅಲುಗಾಡದೆ ನಿಂತಿರುವಷ್ಟು ಹೊತ್ತು ಇಲಿಗಳು ಅದನ್ನು ಸುತ್ತಬಹುದು. ಕಾಲು ತಪ್ಪಿದರೆ ಓಡಬೇಕು. ಎಲ್ಲರಿಗೂ ಇಲಿಯೇ ಆಗಬೇಕಿತ್ತು. ಬೆಕ್ಕಾಗಲು ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಹನ್ನೆರಡು ಜೊತೆ ಕಣ್ಣು ಕಲ್ಲುಬೆಂಚಿನತ್ತ ತಿರುಗಿತು. ಮಂಡಿನೋವು ಎಂದೆ, ಯಾರೂ ಕೇಳಲಿಲ್ಲ. ಹೊಂಗೆ ಮರಕ್ಕೆ ಒಂದು ಕೈ ಕೊಟ್ಟು, ಇನ್ನೊಂದನ್ನು ಮೇಲೆತ್ತಿ, ಒಂದು ಕಾಲನ್ನು ನಾಲ್ಕು ಬೆರಳಷ್ಟು ನೆಲದಿಂದ ಬಿಡಿಸಿದೆ.

“ಮರ ಹಿಡ್ಕೊಂಡ್ರೆ ಔಟು, ತಾತ” ಎಂದಿತು ನಮ್ಮನೆಯ ಇಲಿ.